ಆಟದ ಇಟ್ಟಿಗೆಗೆ ಭಾರ ಹೊರಿಸಿ: ಮಕ್ಕಳಿಗೆ ಎಂಜಿನಿಯರಿಂಗ್ ಕಲಿಸುವ ಕೈಪಿಡಿ

ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬಿಯನ್ನು ಮಗುವಿನ ಮುಂದೆ ಸುರಿದರೆ ಅದು ಅರ್ಧ ಗಂಟೆಯೊಳಗೆ ಮನೆಯನ್ನೋ ಲಾರಿಯನ್ನೋ ಕಟ್ಟಿ ತೋರಿಸುತ್ತದೆ. ಡಬ್ಬಿಯ ಜೊತೆ ಬಂದ ಚಿತ್ರಪುಸ್ತಿಕೆಯನ್ನು ನೋಡಿಕೊಂಡರೆ ಇನ್ನೂ ಅಂದವಾಗಿ ಕಟ್ಟುತ್ತದೆ. ಅದು ಒಳ್ಳೆಯ ಆಟ, ಕೈಗೂ ಕಣ್ಣಿಗೂ ಒಳ್ಳೆಯ ಅಭ್ಯಾಸ; ಆದರೆ ಅಷ್ಟಕ್ಕೇ ಅದನ್ನು ಎಂಜಿನಿಯರಿಂಗ್ ಎನ್ನಲಾಗದು. ಕಟ್ಟಿದ್ದು ಎಷ್ಟು ಭಾರ ಹೊರಬೇಕು, ಎಷ್ಟು ಸಾಮಾನಿನಲ್ಲಿ ಮುಗಿಯಬೇಕು, ಮುರಿದರೆ ಎಲ್ಲಿಂದ ಮುರಿಯಿತು ಎಂಬ ಮೂರು ಪ್ರಶ್ನೆಗಳು ಸೇರಿಕೊಂಡಾಗ ಮಾತ್ರ ಅದೇ ಇಟ್ಟಿಗೆ ಅದೇ ಮಗುವಿಗೆ ಬೇರೆಯ ಪಾಠವನ್ನು ಕಲಿಸತೊಡಗುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಪಾಲಕರು ಮತ್ತು ಶಿಕ್ಷಕರು ಆ ಪಾಠವನ್ನು ಮನೆಯ ಪಡಸಾಲೆಯಲ್ಲೋ ಶಾಲೆಯ ಕೋಣೆಯಲ್ಲೋ ನಡೆಸುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ನಮ್ಮ ಸೀಮೆಯಲ್ಲಿ ಇದಕ್ಕೆ ಉದಾಹರಣೆಗಳ ಬರವಿಲ್ಲ: ಅಣೆಕಟ್ಟೆ, ಕಾಲುವೆ, ಅಕ್ಕಿ ಗಿರಣಿ, ಕಲ್ಲಿನ ಗುಡಿ, ಎರೆ ಭೂಮಿಯಲ್ಲಿ ಗೋಡೆ ಸೀಳಿದ ಮನೆ ಇವೆಲ್ಲವೂ ಮಕ್ಕಳು ದಿನವೂ ನೋಡುವಂಥವು.

ಬೇಕಾಗುವ ಸಾಮಾನು

ಮೂರು ಮಕ್ಕಳ ಒಂದು ಗುಂಪಿಗೆ ಸುಮಾರು ಇನ್ನೂರು ಇಟ್ಟಿಗೆಗಳು ಸಾಕು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಎರಡು ಸಾಲಿನಲ್ಲಿ ನಾಲ್ಕು ನಾಲ್ಕರಂತೆ ಎಂಟು ಗುಬುಟುಗಳು, ಅಂದರೆ ಮೇಲ್ಮೈಯ ಗುಂಡನೆಯ ಉಬ್ಬುಗಳು, ಇರುವ ಸಾಧಾರಣ ಇಟ್ಟಿಗೆಗಳಾಗಿರಲಿ. ಉಳಿದವು ನಾಲ್ಕು ಗುಬುಟಿನವು ಮತ್ತು ತೆಳು ಪಟ್ಟಿಗಳು. ಕಿಟಕಿ, ಹೂವು, ಗೊಂಬೆ ಮುಂತಾದ ಅಲಂಕಾರದ ತುಂಡುಗಳಿಗೆ ಹಣ ಹಾಕಬೇಕಿಲ್ಲ. ಲೆಗೊ ಕಂಪನಿಯವು ದುಬಾರಿ ಎನಿಸಿದರೆ ಅದೇ ಅಳತೆಯ ಬೇರೆ ಕಂಪನಿಗಳ ಇಟ್ಟಿಗೆಗಳನ್ನೇ ತರಬಹುದು, ಆದರೆ ಒಂದೇ ಗುಂಪಿಗೆ ಎರಡು ಬಗೆಯವನ್ನು ಬೆರೆಸಿ ಕೊಡಬೇಡಿ. ಹಿಡಿತ ಒಂದರಲ್ಲಿ ಬಿಗಿಯಾಗಿ ಇನ್ನೊಂದರಲ್ಲಿ ಸಡಿಲವಾಗಿದ್ದರೆ ಪ್ರಯೋಗದ ಫಲ ಕಟ್ಟಿದ ಬಗೆಯಿಂದ ಬಂತೋ ಇಟ್ಟಿಗೆಯ ಗುಣದಿಂದ ಬಂತೋ ತಿಳಿಯದು. ಇವುಗಳ ಜೊತೆಗೆ ಒಂದು ತಳಹಲಗೆ, ಅಳತೆಪಟ್ಟಿ, ಗಟ್ಟಿ ದಾರ, ಹಗುರವಾದ ಪ್ಲಾಸ್ಟಿಕ್ ಲೋಟ, ಔಷಧಿ ಬಾಟಲಿಯ ಅಳತೆಯ ಮುಚ್ಚಳ ಮತ್ತು ಗೆರೆ ಹಾಕದ ನೋಟುಪುಸ್ತಕ ಇರಲಿ. ತೂಕದ ಕಲ್ಲುಗಳು ಬೇಕಿಲ್ಲ, ನೀರೇ ನಮ್ಮ ತೂಕ: ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗುತ್ತದೆ.

ಮೂರು ವರ್ಷಕ್ಕಿಂತ ಚಿಕ್ಕವರು ಓಡಾಡುವ ಕಡೆ ಸಣ್ಣ ಇಟ್ಟಿಗೆಗಳನ್ನು ನೆಲದ ಮೇಲೆ ಬಿಡಬಾರದು. ಬಾಯಿಗೆ ಹಾಕಿಕೊಂಡರೆ ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಗಾತ್ರದವು ಅವು. ಆ ವಯಸ್ಸಿನವರಿಗೆ ಅಳತೆಯಲ್ಲಿ ಎರಡರಷ್ಟಿರುವ ದೊಡ್ಡ ಇಟ್ಟಿಗೆಗಳು ಬೇರೆ ಸಿಗುತ್ತವೆ. ಇಲ್ಲಿ ಹೇಳುವ ಪ್ರಯೋಗಗಳು ಏಳೆಂಟು ವರ್ಷದಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ ಹೊಂದುತ್ತವೆ.

ಮೊದಲ ದಿನ: ಕಟ್ಟುವ ಮುನ್ನ ಅಳೆಯುವುದು

ಮೊದಲ ತರಗತಿಯಲ್ಲಿ ಏನನ್ನೂ ಕಟ್ಟಿಸದೆ ಇಟ್ಟಿಗೆಯನ್ನು ಅಳೆಯಲು ಹೇಳಿ. ಒಂದು ಗುಬುಟಿನ ನಡುವಿನಿಂದ ಪಕ್ಕದ ಗುಬುಟಿನ ನಡುವಿಗೆ 8 ಮಿಲಿಮೀಟರ್. ಗುಬುಟನ್ನು ಬಿಟ್ಟು ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ತೆಳು ಪಟ್ಟಿಯ ಎತ್ತರ 3.2 ಮಿಲಿಮೀಟರ್. ಈ ಸಂಖ್ಯೆಗಳನ್ನು ನೀವಾಗಿ ಹೇಳಿಬಿಡಬೇಡಿ. ಶಾಲೆಯ ಅಳತೆಪಟ್ಟಿಯಲ್ಲಿ 9.6 ಎಂದು ಓದಲು ಬರುವುದಿಲ್ಲವಾದ್ದರಿಂದ ಹತ್ತು ಇಟ್ಟಿಗೆಗಳನ್ನು ಒಂದರ ಮೇಲೊಂದು ಏರಿಸಿ, ಒಟ್ಟು ಎತ್ತರವನ್ನು ಹತ್ತರಿಂದ ಭಾಗಿಸುವ ಉಪಾಯವನ್ನು ಮಕ್ಕಳೇ ಕಂಡುಕೊಳ್ಳುವವರೆಗೆ ಕಾಯುವುದು ಒಳ್ಳೆಯದು. ಮೂರು ಪಟ್ಟಿ ಸೇರಿದರೆ ಒಂದು ಇಟ್ಟಿಗೆಯ ಎತ್ತರವಾಗುತ್ತದೆ ಎಂಬುದು ಬೇಗ ತಿಳಿಯುತ್ತದೆ. ಐದು ಇಟ್ಟಿಗೆಗಳ ಎತ್ತರವೂ ಆರು ಗುಬುಟುಗಳ ಅಗಲವೂ ಸರಿಯಾಗಿ 48 ಮಿಲಿಮೀಟರ್ ಎಂಬುದು ತಡವಾಗಿ ಹೊಳೆಯುತ್ತದೆ. ಹೊಳೆದ ಮಗು ಮುಂದೆ ಅಡ್ಡಲಾಗಿ ಮಲಗಿಸಿದ ಗೋಡೆಯನ್ನು ನಿಂತ ಗೋಡೆಯೊಳಗೆ ಕೂರಿಸಬಲ್ಲದು.

ಇಟ್ಟಿಗೆಯನ್ನು ಬೋರಲು ಹಾಕಿ ಒಳಗಿನ ಕೊಳವೆಗಳನ್ನೂ ತೋರಿಸಿ. ಡೆನ್ಮಾರ್ಕಿನ ಬಿಲ್ಲುಂಡ್ ಊರಿನ ಲೆಗೊ ಕಂಪನಿ ಪೇಟೆಂಟಿಗೆ ಅರ್ಜಿ ಹಾಕಿದ್ದು 1958ರ ಜನವರಿ 28ರಂದು, ಮುಖ್ಯವಾಗಿ ಈ ಕೊಳವೆಗಳಿಗಾಗಿ. ಕೆಳಗಿನ ಇಟ್ಟಿಗೆಯ ಗುಬುಟು ಮೇಲಿನದರ ಕೊಳವೆ ಮತ್ತು ಪಕ್ಕದ ಗೋಡೆಗಳ ನಡುವೆ ತುಸು ಒತ್ತಿಕೊಂಡು ಕೂರುತ್ತದೆ. ಪ್ಲಾಸ್ಟಿಕ್ ಕೂದಲೆಳೆಯಷ್ಟು ಬಾಗಿ ಮತ್ತೆ ಹಿಂದಿರುಗಲು ಹವಣಿಸುವುದರಿಂದ ಹಿಡಿತ ಹುಟ್ಟುತ್ತದೆ. ಆ ವರ್ಷದ ಇಟ್ಟಿಗೆ ಇಂದಿನದರ ಜೊತೆ ಕೂಡಿಕೊಳ್ಳುತ್ತದೆ ಎಂದರೆ ಮಕ್ಕಳು ಮೊದಲು ನಂಬುವುದಿಲ್ಲ. ಅಳತೆಯನ್ನು ಒಮ್ಮೆ ನಿಗದಿ ಮಾಡಿ ಅದಕ್ಕೆ ಬದ್ಧರಾಗಿ ಉಳಿಯುವುದು ಎಂಜಿನಿಯರಿಂಗಿನ ದೊಡ್ಡ ಕೆಲಸಗಳಲ್ಲಿ ಒಂದು ಎಂಬ ಮಾತನ್ನು ಇಲ್ಲಿ ಹೇಳಿ ಮುಂದಕ್ಕೆ ಹೋಗಬಹುದು. ಎಂಟು ಗುಬುಟಿನ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು ಜೋಡಿಸಲು 24 ಬಗೆಗಳಿವೆ, ಆರು ಇಟ್ಟಿಗೆಗಳಿಗೆ 91,51,03,765 ಬಗೆಗಳಿವೆ. ಮೊದಲ ಸಂಖ್ಯೆಯನ್ನು ಮಕ್ಕಳಿಂದಲೇ ಎಣಿಸಿ ತೆಗೆಸಬಹುದು. ಎರಡನೆಯದು ಗಣಕಯಂತ್ರದ ಕೆಲಸ.

ಗೋಡೆ: ಗೌಂಡಿಗಳಿಂದ ಕಲಿಯುವುದು

ಒಂದೇ ಎತ್ತರ, ಒಂದೇ ಉದ್ದದ ಎರಡು ಗೋಡೆಗಳನ್ನು ಕಟ್ಟಿಸಿ. ಒಂದರಲ್ಲಿ ಇಟ್ಟಿಗೆಯ ನೇರ ಮೇಲೆ ಇಟ್ಟಿಗೆ ಬಂದು ಸಂದುಗಳೆಲ್ಲ ಒಂದೇ ಗೆರೆಯಲ್ಲಿ ನಿಲ್ಲಲಿ. ಇನ್ನೊಂದರಲ್ಲಿ ಸಂದು ತಪ್ಪಿಸಿ, ಕೆಳಗಿನ ಎರಡು ಇಟ್ಟಿಗೆಗಳ ಮೇಲೆ ಅರ್ಧರ್ಧ ಕೂರುವಂತೆ ಕಟ್ಟಲಿ. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಮೊದಲನೆಯದು ಕಂಬ ಕಂಬವಾಗಿ ಬೇರೆಯಾಗುತ್ತದೆ, ಎರಡನೆಯದು ಒಂದಾಗಿ ನಿಲ್ಲುತ್ತದೆ. ಬೀದಿಯಲ್ಲಿ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಮರುದಿನವೇ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಗೌಂಡಿ ಮೂಲೆಯಲ್ಲಿ ಎರಡು ಗೋಡೆಗಳನ್ನು ಹೇಗೆ ಹೆಣೆಯುತ್ತಾರೆ, ದಾರ ಕಟ್ಟಿ ಸಾಲನ್ನು ಹೇಗೆ ನೇರ ಮಾಡುತ್ತಾರೆ, ತೂಗುಗುಂಡು ಯಾಕೆ ಇಳಿಬಿಡುತ್ತಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಿಸಿ. ಆಟದ ಇಟ್ಟಿಗೆಯಲ್ಲಿ ಗುಬುಟು ಇರುವುದರಿಂದ ಗೋಡೆ ತಾನಾಗಿಯೇ ನೇರ ನಿಲ್ಲುತ್ತದೆ. ನಿಜವಾದ ಗೋಡೆಗೆ ಆ ಅನುಕೂಲವಿಲ್ಲ. ಅಲ್ಲಿ ಗುಬುಟಿನ ಕೆಲಸವನ್ನು ಗುಂಡು, ದಾರ ಮತ್ತು ಗೌಂಡಿಯ ಕಣ್ಣು ಮಾಡುತ್ತವೆ.

ಸೇತುವೆ: ಹೆಚ್ಚು ಸಮಯ ಕೊಡಬೇಕಾದ ಪಾಠ

ಎಲ್ಲ ಪ್ರಯೋಗಗಳಲ್ಲಿ ಒಂದನ್ನೇ ಮಾಡಲು ಸಮಯವಿದೆ ಎನ್ನುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಎರಡು ಬೆಂಚುಗಳನ್ನು 20 ಸೆಂಟಿಮೀಟರ್ ಅಂತರದಲ್ಲಿ ಇರಿಸಿ. ಆ ಅಂತರ ಎಷ್ಟು ಗುಬುಟುಗಳಿಗೆ ಸಮ ಎಂದು ಮೊದಲು ಲೆಕ್ಕ ಮಾಡಿಸಿ, 25 ಎಂಬ ಉತ್ತರ ಬರಬೇಕು. ಅದರ ಮೇಲೆ ಎರಡೂ ಕಡೆ ಎರಡು ಮೂರು ಗುಬುಟುಗಳಷ್ಟು ಬೆಂಚಿನ ಮೇಲೆ ಕೂರುವಂತೆ, ಎಂಟು ಗುಬುಟಿನ ಇಟ್ಟಿಗೆಗಳಿಂದ, ಸಂದು ತಪ್ಪಿಸಿದ ಎರಡು ಸಾಲಿನ ಸೇತುವೆಯನ್ನು ಕಟ್ಟಲಿ. ಸೇತುವೆಯ ನಟ್ಟನಡುವೆ ದಾರದ ಕುಣಿಕೆ ಹಾಕಿ ಲೋಟವನ್ನು ತೂಗುಬಿಟ್ಟು, ಪ್ರತಿ ಗುಂಪೂ ತನ್ನ ಸೇತುವೆ ಎಷ್ಟು ಗ್ರಾಂ ತಡೆಯುತ್ತದೆ ಎಂಬ ಅಂದಾಜನ್ನು ಬರೆದಿಟ್ಟ ಮೇಲೆಯೇ, 50 ಮಿಲಿಲೀಟರಿನಂತೆ ನೀರು ಹಾಕುತ್ತ ಹೋಗಿ. ಅಂದಾಜು ಬರೆಯದೆ ನೀರು ಹಾಕಬಾರದು ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ, ಏಕೆಂದರೆ ಮುರಿದ ಮೇಲೆ ಎಲ್ಲರೂ ತಮಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಕೆಳಗೆ ಒಂದು ಬಕೆಟ್ ಇಡುವುದನ್ನು ಮರೆಯಬೇಡಿ.

ಒಬ್ಬ ಮಗು ನೀರು ಹಾಕುವಾಗ ಇನ್ನೊಬ್ಬರು ಸೇತುವೆಯ ಪಕ್ಕಕ್ಕೆ ಕಣ್ಣಿಟ್ಟು ಕೂರಲಿ. ಭಾರ ಏರಿದಂತೆ ಕೆಳಗಿನ ಸಾಲಿನ ಸಂದು ಬಾಯಿ ಬಿಡುವುದೂ ಮೇಲಿನ ಸಾಲಿನ ಸಂದು ಇನ್ನಷ್ಟು ಮುಚ್ಚಿಕೊಳ್ಳುವುದೂ ಬರಿಗಣ್ಣಿಗೆ ಕಾಣುತ್ತದೆ. ಎರಡೂ ತುದಿಗಳಲ್ಲಿ ಆಧಾರವಿದ್ದು ನಡುವೆ ಕೆಳಕ್ಕೆ ಬಾಗುವ ಯಾವ ತೊಲೆಯಲ್ಲಾದರೂ ಮೇಲ್ಭಾಗದಲ್ಲಿ ಒತ್ತಡವೂ ಕೆಳಭಾಗದಲ್ಲಿ ಎಳೆತವೂ ಇರುತ್ತವೆ ಎಂಬ, ಕಾಲೇಜಿನಲ್ಲಿ ಕಲಿಸುವ ಸಂಗತಿಯನ್ನು ಹತ್ತು ವರ್ಷದ ಮಗು ಇಲ್ಲಿ ಕಣ್ಣಾರೆ ನೋಡುತ್ತದೆ. ಎರಡನೆಯ ಸುತ್ತಿನಲ್ಲಿ ಅದೇ ಸೇತುವೆಗೆ ಕೆಲವು ಉದ್ದನೆಯ ತೆಳು ಪಟ್ಟಿಗಳನ್ನು ಮಾತ್ರ ಹೆಚ್ಚಿಗೆ ಕೊಟ್ಟು, ಅವನ್ನು ಮೇಲೆ ಹಾಕಬೇಕೋ ಕೆಳಗೆ ಹಾಕಬೇಕೋ ಎಂದು ಕೇಳಿ. ಬಹಳ ಮಕ್ಕಳು ಮೇಲೆ ಎನ್ನುತ್ತಾರೆ, ಭಾರವನ್ನು ಹೊರುವುದು ಬೆನ್ನು ಎಂಬ ಭಾವನೆ ಇರುತ್ತದೆ. ಎರಡನ್ನೂ ಮಾಡಿ ತೂಗಲಿ.

ಕೆಳಗೆ, ಬಾಯಿ ಬಿಡುವ ಸಂದುಗಳಿಗೆ ಅಡ್ಡಲಾಗಿ ಪಟ್ಟಿ ಹಾಕಿದಾಗ ಸೇತುವೆ ಗಟ್ಟಿಯಾಗುವುದನ್ನು ಕಂಡ ಮೇಲೆ ಯಾವುದಾದರೂ ಮನೆಗೆ ಸ್ಲ್ಯಾಬ್ ಹಾಕುವ ಮುನ್ನಾದಿನ ಅವರನ್ನು ಅಲ್ಲಿಗೆ ಕರೆದೊಯ್ಯಿರಿ. ಸೆಂಟ್ರಿಂಗ್ ಹಲಗೆಯಿಂದ ಒಂದಿಷ್ಟೇ ಮೇಲೆ, ಅಂದರೆ ಸ್ಲ್ಯಾಬಿನ ತಳಕ್ಕೆ ಹತ್ತಿರವಾಗಿ, ಕಬ್ಬಿಣದ ಸರಳುಗಳು ಯಾಕೆ ಮಲಗಿವೆ ಎಂಬುದಕ್ಕೆ ಉತ್ತರ ಅವರ ನೋಟುಪುಸ್ತಕದಲ್ಲೇ ಇದೆ. ಅದೇ ಕಟ್ಟಡದಲ್ಲಿ ಕಿಟಕಿಯ ಮೇಲಿನ ಸಜ್ಜಾವನ್ನೂ ತೋರಿಸಿ: ಅಲ್ಲಿ ಮುಖ್ಯ ಸರಳುಗಳು ಮೇಲ್ಭಾಗದಲ್ಲಿರುತ್ತವೆ, ಏಕೆಂದರೆ ಒಂದು ಕಡೆ ಮಾತ್ರ ಹಿಡಿದು ಹೊರಗೆ ಚಾಚಿದ ಹಲಗೆ ಕೆಳಕ್ಕೆ ಬಾಗುವಾಗ ಎಳೆತ ಬರುವುದು ಮೇಲ್ಮೈಗೆ. ಸರಳನ್ನು ಕೆಳಗೆ ಹಾಕಿದ ಸಜ್ಜಾ ಮುರಿದು ಬೀಳುವುದು ಈ ಒಂದೇ ಕಾರಣಕ್ಕೆ. ಕೆಲವೊಮ್ಮೆ ಸೇತುವೆಯ ತಳದ ಪಟ್ಟಿ ತಾನು ಮುರಿಯದೆ ಗುಬುಟುಗಳಿಂದ ಕಿತ್ತುಕೊಂಡು ಬರುತ್ತದೆ. ಹಾಗಾದರೆ ಅದನ್ನೂ ಬರೆಸಿ, ಸರಳಿನ ಮೈಮೇಲೆ ಏಣುಗಳು ಯಾಕಿವೆ ಎಂಬ ಪ್ರಶ್ನೆಯನ್ನು ಅವರಿಗೇ ಬಿಡಿ. ಕಾಂಕ್ರೀಟಿನ ಹಿಡಿತದಿಂದ ಸರಳು ಜಾರದಿರಲೆಂದೇ ಆ ಏಣುಗಳು.

ಕಲ್ಲಿಗೆ ಸರಳಿಲ್ಲ. ಕುಕನೂರು ತಾಲ್ಲೂಕಿನ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯಕ್ಕೆ ಹೋದಾಗ, ಕಂಬದಿಂದ ಕಂಬಕ್ಕೆ ಎಷ್ಟು ಹೆಜ್ಜೆ ಎಂದು ಮಕ್ಕಳು ಅಳೆಯಲಿ. ಒತ್ತಡವನ್ನು ಚೆನ್ನಾಗಿ ತಡೆಯುವ ಕಲ್ಲು ಎಳೆತಕ್ಕೆ ಸುಲಭವಾಗಿ ಸೋಲುತ್ತದೆ. ಆದ್ದರಿಂದಲೇ ಕಲ್ಲಿನ ತೊಲೆಗಳು ಗಿಡ್ಡವಾಗಿವೆ, ಕಂಬಗಳು ಒತ್ತೊತ್ತಾಗಿವೆ. ಆ ಮಂಟಪದ ಸೊಬಗಿಗೆ ಕಂಬಗಳ ಗುಂಪೂ ಒಂದು ಕಾರಣ, ಆದರೆ ಅಷ್ಟು ಕಂಬಗಳು ಬೇಕಾದದ್ದು ಮೊದಲಿಗೆ ಭಾರದ ಲೆಕ್ಕದಿಂದ. ಹಂಪಿಗೆ ಹೋಗುವವರು ಅಲ್ಲಿನ ಮಂಟಪಗಳಲ್ಲಿಯೂ ಇದನ್ನೇ ಅಳೆಯಬಹುದು.

ಸೇತುವೆಯ ಪಾಠವನ್ನು ಮುಗಿಸುವ ಮೊದಲು ಹಣದ ಲೆಕ್ಕವನ್ನೂ ಸೇರಿಸಬೇಕು. ಒಂದು ಇಟ್ಟಿಗೆಗೆ ಎರಡು ರೂಪಾಯಿ, ಒಂದು ಪಟ್ಟಿಗೆ ಒಂದು ರೂಪಾಯಿ ಎಂದು ಬೆಲೆ ಕಟ್ಟಿ, 500 ಗ್ರಾಂ ಹೊರುವ ಸೇತುವೆಯನ್ನು ಅತಿ ಕಡಿಮೆ ಖರ್ಚಿನಲ್ಲಿ ಕಟ್ಟಲು ಹೇಳಿ. ಅತಿ ಎತ್ತರದ ಗೋಪುರ, ಅತಿ ಉದ್ದದ ರೈಲು ಎಂಬ ಸ್ಪರ್ಧೆಗಳನ್ನು ನಾನು ಇಷ್ಟಪಡುವುದಿಲ್ಲ. ಹೆಚ್ಚು ಇಟ್ಟಿಗೆ ಎಳೆದುಕೊಂಡವರೇ ಅಲ್ಲಿ ಗೆಲ್ಲುತ್ತಾರೆ. ಕಡಿಮೆಯಲ್ಲಿ ಮುಗಿಸುವ ಸ್ಪರ್ಧೆಯಲ್ಲಿ ಯೋಚಿಸಿದವರು ಗೆಲ್ಲುತ್ತಾರೆ.

ಚಾಚು: ಬೆಂಕಿಪೊಟ್ಟಣದ ಸಹಾಯ

ಆಟದ ಇಟ್ಟಿಗೆಯಿಂದ ನಿಜವಾದ ಕಮಾನು ಕಟ್ಟಲಾಗದು, ಅದಕ್ಕೆ ಓರೆಯಾಗಿ ಕಡಿದ ಕಲ್ಲುಗಳು ಬೇಕು. ಆದರೆ ಪ್ರತಿ ಸಾಲನ್ನೂ ಕೆಳಗಿನದಕ್ಕಿಂತ ಒಂದೊಂದು ಗುಬುಟು ಮುಂದೆ ಚಾಚುತ್ತ ಎರಡೂ ಕಡೆಯಿಂದ ಬಂದು ಮೇಲೆ ಕೂಡಿಸುವ ಚಾಚು ಕಮಾನನ್ನು ಕಟ್ಟಬಹುದು. ಇದರಲ್ಲಿ ಗುಬುಟಿನ ಹಿಡಿತ ಮಕ್ಕಳನ್ನು ತಪ್ಪು ದಾರಿಗೆ ಎಳೆಯುತ್ತದೆ: ಹಿಂದೆ ಭಾರವಿಲ್ಲದೆಯೂ ಇಟ್ಟಿಗೆ ಬೀಳದೆ ನಿಲ್ಲುತ್ತದೆ. ಹಾಗಾಗಿ ಈ ಪಾಠಕ್ಕೆ ಮಾತ್ರ ಮರಳು ತುಂಬಿ ಅಂಟಿಸಿದ ಬೆಂಕಿಪೊಟ್ಟಣಗಳನ್ನು ಬಳಸಿ. ಮೇಜಿನ ಅಂಚಿನಲ್ಲಿ ಐದು ಪೊಟ್ಟಣಗಳನ್ನು ಒಂದರ ಮೇಲೊಂದು ಇಟ್ಟು, ಎಲ್ಲಕ್ಕೂ ಮೇಲಿನದನ್ನು ತನ್ನ ಉದ್ದದ ಅರ್ಧದಷ್ಟು, ಅದರ ಕೆಳಗಿನದನ್ನು ಕಾಲು ಭಾಗ, ಮುಂದಿನವನ್ನು ಆರನೇ ಒಂದು, ಎಂಟನೇ ಒಂದು, ಹತ್ತನೇ ಒಂದು ಭಾಗಕ್ಕಿಂತ ಕೂದಲೆಳೆಯಷ್ಟು ಕಡಿಮೆ ಚಾಚಿದರೆ, ಮೇಲಿನ ಪೊಟ್ಟಣ ಇಡಿಯಾಗಿ ಮೇಜಿನ ಹೊರಗೆ ನಿಲ್ಲುತ್ತದೆ. ಐದನೇ ತರಗತಿಯ ಭಿನ್ನರಾಶಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋರಿಲ್ಲ. ಇಟ್ಟಿಗೆ ಕೊಳ್ಳಲಾಗದ ಶಾಲೆಗಳು ಗೋಡೆಯ ಪಾಠವನ್ನೂ ಈ ಪೊಟ್ಟಣಗಳಿಂದಲೇ ನಡೆಸಬಹುದು.

ಎರೆ ಮಣ್ಣಿನ ಮೇಲೆ ಮನೆ

ಇಟ್ಟಿಗೆಯ ಆಟದಲ್ಲಿ ನೆಲ ಯಾವಾಗಲೂ ಗಟ್ಟಿ, ನಮ್ಮ ಊರುಗಳಲ್ಲಿ ಹಾಗಲ್ಲ. ಅಗಲವಾದ ಪ್ಲಾಸ್ಟಿಕ್ ಬೋಗುಣಿಯಲ್ಲಿ ಎರೆ ಮಣ್ಣನ್ನು ನೀರು ಹಾಕಿ ಕಲಸಿ ನಾಲ್ಕು ಬೆರಳು ದಪ್ಪ ಹರಡಿ, ಅದರ ಮೇಲೆ ಎರಡು ಪುಟ್ಟ ಮನೆಗಳನ್ನು ಇಡಿಸಿ. ಒಂದರ ನಾಲ್ಕು ಗೋಡೆಗಳು ಬೇರೆಬೇರೆಯಾಗಿ ನೇರ ಮಣ್ಣಿನ ಮೇಲೆ ನಿಲ್ಲಲಿ. ಇನ್ನೊಂದನ್ನು ಚಿಕ್ಕ ತಳಹಲಗೆಯ ಮೇಲೆ ಒಟ್ಟಾಗಿ ಕಟ್ಟಿರಲಿ. ಪಕ್ಕದಲ್ಲಿ ಇನ್ನೊಂದು ಬೋಗುಣಿಯಲ್ಲಿ ಗರಸು ಹಾಕಿ ಅದರ ಮೇಲೂ ಅಂಥದೇ ಮನೆಗಳನ್ನು ಇಟ್ಟು, ಎರಡನ್ನೂ ಕೆಲವು ದಿನ ಬಿಸಿಲಿಗೆ ಬಿಡಿ. ನಮ್ಮ ಬಿಸಿಲು ಈ ಪ್ರಯೋಗವನ್ನು ತಡಮಾಡದೆ ಮುಗಿಸಿಕೊಡುತ್ತದೆ. ಎರೆ ಒಣಗುತ್ತ ಕುಗ್ಗಿ ಬಿರುಕು ಬಿಟ್ಟಂತೆ ಬಿಡಿ ಗೋಡೆಗಳು ಒಂದೊಂದು ದಿಕ್ಕಿಗೆ ವಾಲುತ್ತವೆ, ತಳಹಲಗೆಯ ಮನೆ ವಾಲಿದರೂ ಒಟ್ಟಾಗಿ ವಾಲುತ್ತದೆ, ಗರಸಿನ ಮೇಲಿನವು ಹೆಚ್ಚು ಕದಲುವುದಿಲ್ಲ. ಎರೆಯಲ್ಲಿರುವ ಜೇಡಿಯ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಪ್ರತಿ ಮಳೆಗಾಲ, ಪ್ರತಿ ಬೇಸಿಗೆ ಇದೇ ನಡೆಯುವುದರಿಂದ ಮೇಲಿನ ಗೋಡೆ ಸೀಳುತ್ತದೆ. ಮನೆ ಕಟ್ಟುವವರು ಪಾಯದ ಎರೆಯನ್ನು ತೋಡಿ ತೆಗೆದು ಗರಸು ತುಂಬಿಸುವುದಕ್ಕೆ ಕಾರಣವನ್ನು ಮಕ್ಕಳು ಆಗ ತಾವೇ ಹೇಳುತ್ತಾರೆ. ತಮ್ಮ ಮನೆಯಲ್ಲೋ ಓಣಿಯಲ್ಲೋ ಕಂಡ ಬಿರುಕುಗಳ ಚಿತ್ರ ಬರೆದು ತರುವಂತೆ ಹೇಳಿದರೆ ಮುಂದಿನ ತರಗತಿಗೆ ಬೇಕಾದಷ್ಟು ಸಾಮಗ್ರಿ ಸಿಗುತ್ತದೆ.

ಕ್ರಸ್ಟ್ ಗೇಟು

ಮುನಿರಾಬಾದಿಗೂ ಹೊಸಪೇಟೆಗೂ ನಡುವೆ, 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಗೆ 33 ಕ್ರಸ್ಟ್ ಗೇಟುಗಳು, ಅಂದರೆ ಕಟ್ಟೆಯ ನೆತ್ತಿಯಲ್ಲಿ ನೀರು ಹೊರಬಿಡುವ ಬಾಗಿಲುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು, ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ತುಂಡುಗಳನ್ನು (ಕಿಂಡಿಗೆ ಅಡ್ಡಲಾಗಿ ಕೂರಿಸುವ ತಡೆಹಲಗೆಗಳನ್ನು) ಒಂದರ ಮೇಲೊಂದು ಇಳಿಸಿ ಸುಮಾರು ಒಂದು ವಾರದಲ್ಲಿ ಕಿಂಡಿಯನ್ನು ಮುಚ್ಚಿದ್ದು ಅಚ್ಚುಕಟ್ಟಿನ ಪ್ರತಿ ಮನೆಯಲ್ಲೂ ಮಾತಾದ ಸಂಗತಿ. ಹಾಗಾಗಿ ಗೇಟು ಎಂದರೇನು ಎಂದು ನಮ್ಮ ಮಕ್ಕಳಿಗೆ ವಿವರಿಸಬೇಕಿಲ್ಲ, ಅದನ್ನು ಕಟ್ಟಿಸುವುದಷ್ಟೇ ಉಳಿದಿದೆ.

ತಳಹಲಗೆಯ ಮೇಲೆ ಎರಡು ಕಂಬಗಳನ್ನು ಎದುರುಬದುರಾಗಿ ಕಟ್ಟಿ, ಎರಡರಲ್ಲೂ ಒಂದು ಗುಬುಟಿನಷ್ಟು ಅಗಲದ ಸಂದನ್ನು ಮೇಲಿನಿಂದ ಕೆಳಗಿನವರೆಗೆ ಬಿಡಿ. ಒಂದೇ ಗುಬುಟಿನ ದಪ್ಪದ ಚಿಕ್ಕ ಗೋಡೆಯನ್ನು ಆ ಸಂದುಗಳಲ್ಲಿ ಬಾಗಿಲಾಗಿ ಇಳಿಸಿ. ಅದು ಕೆಳಗಿನ ಗುಬುಟುಗಳಿಗೆ ಕಚ್ಚಿಕೊಳ್ಳದಂತೆ ತಳದಲ್ಲಿ ನಯವಾದ ರಟ್ಟಿನ ಚೂರು ಇರಲಿ. ಬಾಗಿಲಿನ ಹಿಂದೆ ಮೂರು ಕಡೆ ಗೋಡೆ ಕಟ್ಟಿದರೆ ಜಲಾಶಯ ಸಿದ್ಧ. ಆಟದ ಇಟ್ಟಿಗೆ ನೀರು ಸೋರುತ್ತದೆ, ಆದ್ದರಿಂದ ನೀರಿನ ಬದಲು ಜೋಳ ತುಂಬಿ. ಬಾಗಿಲಿಗೆ ದಾರ ಕಟ್ಟಿ, ಮೇಲೊಂದು ಅಡ್ಡ ಕಡ್ಡಿಯ ಮೇಲಿಂದ ಹಾಯಿಸಿ, ಇನ್ನೊಂದು ತುದಿಗೆ ಲೋಟ ತೂಗುಬಿಟ್ಟು, ಬಾಗಿಲು ಏಳುವವರೆಗೆ ಮುಚ್ಚಳದ ಅಳತೆಯಲ್ಲಿ ನೀರು ಹಾಕಿ. ಜಲಾಶಯ ಖಾಲಿ ಇದ್ದಾಗ, ಎರಡು ಇಟ್ಟಿಗೆಯ ಎತ್ತರ ಜೋಳ ಇದ್ದಾಗ, ನಾಲ್ಕು ಇಟ್ಟಿಗೆಯ ಎತ್ತರ ಇದ್ದಾಗ ಬೇಕಾದ ನೀರನ್ನು ಬರೆದುಕೊಂಡು, ಖಾಲಿ ಬಾಗಿಲಿನ ಲೆಕ್ಕವನ್ನು ಎರಡರಿಂದಲೂ ಕಳೆದು ನೋಡಿದರೆ, ಎತ್ತರ ಇಮ್ಮಡಿಯಾದಾಗ ಎಳೆಯುವ ಬಲ ಸಾಮಾನ್ಯವಾಗಿ ಇಮ್ಮಡಿಗಿಂತ ಹೆಚ್ಚಾಗಿರುತ್ತದೆ. ನೀರಿನಲ್ಲಂತೂ ಆಳ ಎರಡರಷ್ಟಾದರೆ ಬಾಗಿಲಿನ ಮೇಲಿನ ಒಟ್ಟು ನೂಕು ನಾಲ್ಕರಷ್ಟಾಗುತ್ತದೆ. ಅಣೆಕಟ್ಟೆಯ ಗೋಡೆ ತಳದಲ್ಲಿ ಅಷ್ಟು ದಪ್ಪ ಇರುವುದೂ, ತುಂಬಿದ ಕೆರೆಯ ತೂಬನ್ನು ತೆರೆಯಲು ಹೆಚ್ಚು ಬಲ ಬೇಕಾಗುವುದೂ ಈ ಕಾರಣದಿಂದಲೇ.

ದೊಡ್ಡ ಮಕ್ಕಳಿಗೆ ಒಂದು ಪ್ರಶ್ನೆಯನ್ನು ಹೆಚ್ಚಿಗೆ ಕೊಡಿ: ಎಳೆಯುವ ದಾರ ತುಂಡಾದರೆ ನಿಮ್ಮ ಬಾಗಿಲು ಏನಾಗುತ್ತದೆ, ಆಗಲೂ ಕಿಂಡಿಯನ್ನು ಮುಚ್ಚಲು ನಿಮ್ಮ ಕಟ್ಟಡದಲ್ಲಿ ಏನು ವ್ಯವಸ್ಥೆ ಇದೆ? ಒಂದು ಗುಂಪು ಎರಡನೆಯ ದಾರ ಕಟ್ಟುತ್ತದೆ, ಇನ್ನೊಂದು ಜಲಾಶಯದ ಕಡೆಗೆ, ಬೇರೊಂದು ಬಾಗಿಲು ಇಳಿಸಲು, ಎರಡನೆಯ ಸಂದು ಬಿಡುತ್ತದೆ. ಯಾವುದು ಮೇಲು ಎಂದು ತೀರ್ಪು ಕೊಡದೆ, ಇಬ್ಬರ ದಾರವನ್ನೂ ಕತ್ತರಿಸಿ ನೋಡಿ.

ಹಲ್ಲುಚಕ್ರ, ಬೆಲ್ಟು, ಉರುಳೆ

ಹಲ್ಲುಚಕ್ರಗಳಿರುವ ಡಬ್ಬಿ ಇದ್ದರೆ, 8 ಹಲ್ಲಿನ ಚಕ್ರಕ್ಕೆ ಹಿಡಿಕೆ ಸೇರಿಸಿ ಅದರಿಂದ 24 ಹಲ್ಲಿನ ಚಕ್ರವನ್ನು ತಿರುಗಿಸಿ, ಅದರ ಅಚ್ಚಿಗೆ ಗೇಟಿನ ದಾರವನ್ನು ಸುತ್ತಲಿ. ಹಿಡಿಕೆ ಮೂರು ಸುತ್ತು ಹಾಕಿದರೆ ದೊಡ್ಡ ಚಕ್ರ ಒಂದು ಸುತ್ತು. ವೇಗ ಮೂರನೇ ಒಂದಕ್ಕೆ ಇಳಿದರೆ ತಿರುಗಿಸುವ ಬಲ, ತಿಕ್ಕಾಟದಲ್ಲಿ ಹೋಗುವುದನ್ನು ಬಿಟ್ಟು, ಮೂರರಷ್ಟಾಗುತ್ತದೆ. ನಡುವೆ ಇನ್ನೊಂದು ಚಕ್ರ ಸೇರಿಸಿದರೆ ದಿಕ್ಕು ಬದಲಾಗುತ್ತದೆಯೇ ಹೊರತು ಈ ಲೆಕ್ಕ ಬದಲಾಗುವುದಿಲ್ಲ. ಚಕ್ರಗಳಿಲ್ಲದಿದ್ದರೆ ಖಾಲಿ ದಾರದುರುಳೆಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಇದನ್ನೇ ಮಾಡಬಹುದು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಮಕ್ಕಳು ಅಕ್ಕಿ ಗಿರಣಿಯಲ್ಲಿ ಬೆಲ್ಟು ಸುತ್ತಿದ ಚಿಕ್ಕ ದೊಡ್ಡ ಗಾಲಿಗಳನ್ನು ನೋಡಿಯೇ ಇರುತ್ತಾರೆ, ಕಬ್ಬಿನ ಹಾಲಿನ ಗಾಣ ಎಲ್ಲ ಊರಲ್ಲೂ ಇದೆ.

ರಾಯಚೂರಿನವರಿಗೆ ಇನ್ನೊಂದು ಅನುಕೂಲ. ಅಲ್ಲಿನ ಕೋಟೆಯ ಪಶ್ಚಿಮದ ಗೋಡೆಯಲ್ಲಿ 1294ರ ಶಾಸನವಿರುವ, ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದನ್ನು ಗಾಡಿಯ ಮೇಲೆ ಸಾಗಿಸಿ ತಂದ ಚಿತ್ರವನ್ನೂ ಅಲ್ಲಿ ಕೆತ್ತಿದ್ದಾರೆ. ಅದನ್ನು ತೋರಿಸಿ ಬಂದ ಮೇಲೆ ಒಂದು ಕಿಲೋ ಉಪ್ಪಿನ ಪೊಟ್ಟಣವನ್ನು ನೇರ ನೆಲದ ಮೇಲೆ, ಉರುಳುವ ಪೆನ್ಸಿಲುಗಳ ಮೇಲೆ, ಇಟ್ಟಿಗೆಯಿಂದ ಕಟ್ಟಿದ ಗಾಡಿಯ ಮೇಲೆ ಎಳೆಯಲು ಎಷ್ಟೆಷ್ಟು ನೀರಿನ ತೂಕ ಬೇಕು ಎಂದು ಹೋಲಿಸಿ ನೋಡಲಿ.

ಹೇಳಿಕೊಡುವವರ ಕೈ ಎಲ್ಲಿರಬೇಕು

ಹೇಳಿಕೊಡುವವರ ಕೈ ಇಟ್ಟಿಗೆಯ ಮೇಲೆ ಇರಬಾರದು. ಮಗುವಿನ ಕಟ್ಟಡ ಬೀಳುವುದು ನಿಮಗೆ ಮೊದಲೇ ಕಂಡರೂ ಅದನ್ನು ನೆಟ್ಟಗೆ ಮಾಡಿಕೊಡಬೇಡಿ. ಬಿದ್ದ ಮೇಲೆ ಚೂರುಗಳನ್ನು ಬಾಚಿಬಿಡಲೂ ಬಿಡಬೇಡಿ. ಬಿದ್ದ ರೀತಿಯನ್ನು ಹಾಗೆಯೇ ಚಿತ್ರ ಬರೆಸಿ, ಮೊದಲು ಎಲ್ಲಿ ಬಿಟ್ಟುಕೊಂಡಿತು, ಆಮೇಲೆ ಏನಾಯಿತು ಎಂದು ಕೇಳಿ. “ಸರ್, ಇದು ಯಾಕ ಬಿತ್ತು?” ಎಂದು ಮಗು ನಿಮ್ಮನ್ನೇ ಕೇಳಿದರೆ ಉತ್ತರ ಕೊಡುವ ಆಸೆಯನ್ನು ಸ್ವಲ್ಪ ತಡೆದುಕೊಂಡು, ಇನ್ನೊಮ್ಮೆ ಬೀಳಿಸಿ ನೋಡೋಣ ಎನ್ನಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕೆಂಬುದನ್ನು ಮಾತ್ರ ನೆನಪಿಸುತ್ತಿರಿ.

ಗುಂಪಿನಲ್ಲಿ ಕಟ್ಟುವವರು, ಅಳೆಯುವವರು, ಬರೆಯುವವರು ಎಂದು ಮೂವರ ಕೆಲಸ ಪ್ರತಿ ಸುತ್ತಿಗೂ ಬದಲಾಗಲೇಬೇಕು. ಹಾಗೇ ಬಿಟ್ಟರೆ ಹುಡುಗರು ಇಟ್ಟಿಗೆ ಹಿಡಿಯುತ್ತಾರೆ, ಅಕ್ಷರ ಚೆಂದ ಎಂಬ ನೆಪದಲ್ಲಿ ನೋಟುಪುಸ್ತಕ ಹುಡುಗಿಯ ಕೈಗೆ ಹೋಗಿ ಅಲ್ಲೇ ಉಳಿಯುತ್ತದೆ. ಬರವಣಿಗೆಯೂ ಮುಖ್ಯವೇ: ಒಂದು ಗುಂಪು ತನ್ನ ಕಟ್ಟಡದ ಎದುರಿನ, ಪಕ್ಕದ ಮತ್ತು ಮೇಲಿನ ನೋಟಗಳನ್ನು ಬರೆದು ಪಕ್ಕದ ಗುಂಪಿಗೆ ಕೊಡಲಿ, ಅವರು ಮೂಲವನ್ನು ನೋಡದೆ ಅದನ್ನು ಕಟ್ಟಲಿ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ನಕ್ಷೆಯಲ್ಲಿ ಏನು ಬಿಟ್ಟುಹೋಗಿತ್ತು ಎಂಬುದು ಯಾರೂ ಹೇಳದೆ ತಿಳಿಯುತ್ತದೆ.

ಆರನೇ ತರಗತಿಯಿಂದ ಮೇಲಿನ ಮಕ್ಕಳಿರುವ, ಅಟಲ್ ಟಿಂಕರಿಂಗ್ ಲ್ಯಾಬ್ (ಕೇಂದ್ರ ಸರ್ಕಾರದ ಯೋಜನೆಯಡಿ ಶಾಲೆಗೆ ಕೊಡುವ ಪ್ರಯೋಗಾಲಯ) ಸಿಕ್ಕಿರುವ ಶಾಲೆಗಳಲ್ಲಿ ಇದರ ಮುಂದಿನ ಹಂತಕ್ಕೆ ಬೇಕಾದ ಮೋಟಾರು, ಸೆನ್ಸರುಗಳು ಇರುತ್ತವೆ. ಅವನ್ನು ಬಳಸಿ, ಕಳೆದುಹೋದೀತೆಂಬ ಕಾಳಜಿಯಿಂದ ಬೀರುವಿನಲ್ಲಿ ಇಟ್ಟು ಬೀಗ ಹಾಕಬೇಡಿ. ಆದರೆ ಭಾರ ಹೊರುವ ಸೇತುವೆಯನ್ನು ಕಟ್ಟಲು ಬಾರದ ಮಗುವಿಗೆ ರೋಬೋ ಕೊಡುವ ಅವಸರವೂ ಬೇಡ.

ತೊಳೆಯುವುದು, ಎಣಿಸುವುದು

ಇಟ್ಟಿಗೆಗಳನ್ನು ಸೋಪಿನ ನೀರಿನಲ್ಲಿ ಕೈಯಿಂದ ತೊಳೆದು ನೆರಳಿನಲ್ಲಿ ಒಣಗಿಸಿ. ನೀರು 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಬಳ್ಳಾರಿ, ರಾಯಚೂರಿನ ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಬರುವ ನೀರು ಒಲೆ ಹಚ್ಚದೆಯೇ ಅಷ್ಟು ಕಾದಿರಬಹುದಾದ್ದರಿಂದ ಬೆಳಗಿನ ನೀರನ್ನೇ ಹಿಡಿದಿಟ್ಟುಕೊಳ್ಳಿ. ಎರೆ ಮಣ್ಣಿನ ಪ್ರಯೋಗಕ್ಕೆ ಬಳಸಿದವನ್ನು ಮೊದಲು ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೊಳವೆಯ ಒಳಗೆ ಉಜ್ಜಬೇಕು, ಇಲ್ಲವಾದರೆ ಹಿಡಿತ ಕೆಡುತ್ತದೆ. ತರಗತಿ ಮುಗಿದಾಗ ಇನ್ನೂರು ಇಟ್ಟಿಗೆಗಳನ್ನು ಎಣಿಸುವುದು ಬೇಸರದ ಕೆಲಸ. ಒಂದೇ ಬಗೆಯ ಹತ್ತು ಇಟ್ಟಿಗೆಗಳನ್ನು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ ಆ ತೂಕವನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದಿಟ್ಟರೆ, ಮುಂದೆ ಆ ಬಗೆಯದನ್ನೆಲ್ಲ ಒಟ್ಟಿಗೆ ತೂಗಿ, ಎಷ್ಟು ಕಡಿಮೆ ಬಂದಿವೆ ಎಂಬುದನ್ನು ಮಕ್ಕಳೇ ಭಾಗಾಕಾರ ಮಾಡಿ ಹೇಳುತ್ತಾರೆ. ಆಮೇಲೆ ಬೆಂಚಿನ ಕೆಳಗೆ ಹುಡುಕುವ ಕೆಲಸವೂ ಅವರದೇ.